ಕ್ಲಚ್ಚಿಲ್ಲದ ಗಾಡಿ

ಈ ಎಲ್ಲ ಅನಾಹುತಕ್ಕೂ ಮೂಲ ಒಂದು ಮೊಳೆ. ವಾಗೀಶನ ಮನೆಯ ಬಾಗಿಲ ಚೌಕಟ್ಟಿಗೆ, ಬೀದಿಯಲ್ಲಿ ನಿಂತೇ ಕೈ ಚಾಚಿದರೆ ಸಿಗುವ ಹಾಗೆ, ಅವನ ಅಪ್ಪ ಚಂದ್ರಣ್ಣ ಯಾವ ಕಾಲದಲ್ಲೋ ಹೊಡೆದದ್ದು. ಅಪ್ಪನ ಕಾಲದಲ್ಲಿ ಅದಕ್ಕೆ ಸೈಕಲ್ಲಿನ ಕೀಲಿಕೈ ನೇತಾಡುತ್ತಿತ್ತು. ಬೇಕಾದವರು ಸೈಕಲ್ ಒಯ್ದು, ಕೆಲಸ ಮುಗಿದ ಮೇಲೆ ತಂದು ನಿಲ್ಲಿಸುತ್ತಿದ್ದರು. ಅಪ್ಪ ಹೋದ, ಸೈಕಲ್ಲೂ ಹೋಯಿತು. ಮಗನ ಕಾಲಕ್ಕೆ ಅದೇ ಮೊಳೆಗೆ ಕಾರಿನ ಕೀಲಿಕೈ ಬಂತು. ಓಣಿಯ ಜನಕ್ಕೆ ಇದರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇನೂ ಕಾಣಲಿಲ್ಲ.

ಆಂಧ್ರದ ಆದೋನಿಯ ಆ ಓಣಿಯ ರೀತಿಯೇ ಹಾಗೆ. ಏಣಿ ಒಂದು ಮನೆಯದು, ಹತ್ತುವವರು ಹದಿನಾರು ಮನೆಯವರು. ದೊಡ್ಡ ಹಂಡೆ ಪಕೀರಮ್ಮನದು, ಅದರಲ್ಲಿ ಬೇಯುವ ಅನ್ನ ಎಲ್ಲರದು. ವಾಗೀಶನ ತಾಯಿ ಅಕ್ಕನಾಗಮ್ಮ ತೀರಿಕೊಂಡಾಗ ಬಂದ ನೂರೈವತ್ತು ಜನಕ್ಕೆ ಆ ಹಂಡೆಯಲ್ಲೇ ಅನ್ನವಾಯಿತು. ಹೆಗಲು ಕೊಟ್ಟವರೂ ಓಣಿಯವರೇ. ಇಂಥ ಕಡೆ ಬದುಕುತ್ತ ‘ಕಾರು ಮಾತ್ರ ನನ್ನದು’ ಅನ್ನಬೇಕಾದರೆ ಎಂಟೆದೆ ಬೇಕು. ಹತ್ತಿ ಮಾರ್ಕೆಟ್ಟಿನ ದಲಾಲಿ ಅಂಗಡಿಯಲ್ಲಿ ಗುಮಾಸ್ತನಾಗಿದ್ದ ವಾಗೀಶನಿಗೆ ಇದ್ದದ್ದು ಒಂದೇ, ಅದೂ ಅವನು ದಿನಾ ಕೈಯಲ್ಲಿ ಹಿಂಜಿ ನೋಡುವ ಹತ್ತಿಯಷ್ಟೇ ಮೆತ್ತಗಿನದು.

ಅವನ ಹೆಂಡತಿ ಗಂಗೋತ್ರಿಗೆ ಎರಡೂ ಕಿಡ್ನಿ ಕೈಕೊಟ್ಟು ಮೂರು ವರ್ಷ. ಮಂಗಳವಾರ, ಶುಕ್ರವಾರ ಬಳ್ಳಾರಿಗೆ ಹೋಗಿ ನಾಲ್ಕು ತಾಸು ಡಯಾಲಿಸಿಸ್ ಯಂತ್ರದ ಪಕ್ಕ ಮಲಗಬೇಕು. ಹೋದ ಶ್ರಾವಣದ ಒಂದು ಮಂಗಳವಾರ ಓಣಿಯವರು ಬೆಳಗಿನ ಜಾವ ಕಾರು ತೆಗೆದುಕೊಂಡು ಉರುಕುಂದ ಈರಣ್ಣನ ದರ್ಶನಕ್ಕೆ ಹೋದರು, ಏಳಕ್ಕೆಲ್ಲ ಬರುತ್ತೇವೆ ಅಂದರು. ಬರಲಿಲ್ಲ. ಕಾಯುತ್ತ ಕಾಯುತ್ತ ಬಸ್ಸೂ ತಪ್ಪಿತು. ಬುಧವಾರ ಬೆಳಗ್ಗೆ ಗಂಗೋತ್ರಿಗೆ ಉಸಿರು ಸಿಗದೆ ತುಟಿ ನೀಲಿಯಾಯಿತು. ಐಸಿಯುನಲ್ಲಿ ಮೂರು ದಿನ. ಆ ಮೂರು ದಿನವೂ ಹೊರಗೆ ಸರದಿಯ ಮೇಲೆ ಕೂತವರು ಅದೇ ಓಣಿಯ ಹೆಂಗಸರು. “ಅಕ್ಕನ ಹೆಸರಿನಾಗ ಈರಣ್ಣಗ ಅರ್ಚನಿ ಮಾಡ್ಸಿದ್ವಿ, ಅದಕ್ಕ ಉಳದಾಳ” ಅಂತ ಕಣ್ಣೊರೆಸಿಕೊಂಡರು. ಇಂಥವರ ಮೇಲೆ ಸಿಟ್ಟು ಮಾಡುವುದು ಹೇಗೆ ಅಂತಲೇ ವಾಗೀಶನಿಗೆ ತಿಳಿಯಲಿಲ್ಲ. ಡಾಕ್ಟರು ಮಾತ್ರ ಕನ್ನಡಕ ತೆಗೆದು, “ಇನ್ನೊಂದು ಸಲ ತಪ್ಪಿಸಿದರೆ ಇಲ್ಲಿಗೆ ಕರಕೊಂಡು ಬರುವ ತೊಂದರೆ ತಗೋಬೇಡಿ” ಅಂದಿದ್ದರು.

ಸಂಕ್ರಾಂತಿಯ ಮರುದಿನ ಆ ಹಳೆಯ ಕಾರು ಎರಡನೇ ಗೇರಿನಲ್ಲಿ ಸಿಕ್ಕಿಕೊಂಡು ಪ್ರಾಣ ಬಿಟ್ಟಿತು. ಓಣಿಯೆಲ್ಲ ಬಂದು ನೋಡಿ ಲೊಚಗುಟ್ಟಿತು. ವಾಗೀಶನೊಬ್ಬನೇ ಒಳಗೊಳಗೇ ಸಮಾಧಾನಪಟ್ಟ. ಯಾರಿಗೂ ಹೇಳದೆ ಗಂಡ ಹೆಂಡತಿ ಇಬ್ಬರೇ ಶೋರೂಮಿಗೆ ಹೋದರು.

ಅಲ್ಲಿ ಲಕ್ಷ್ಮಿಕಾಂತ್ ಅಂತ ಒಬ್ಬ ಸೇಲ್ಸ್‌ಮನ್, ಮಾತಿನ ಮಲ್ಲ. “ಚೂಡಂಡಿ ಸಾರ್, ನೋಡ್ರಿ, ಸಣ್ಣ ಕಾರಿನಾಗ ಈಗ ಮೂರು ನಮೂನಿ ಅದಾವ. ಮಾನ್ಯುವಲ್ ನಿಮಗ ಗೊತ್ತಿದ್ದದ್ದ, ಕ್ಲಚ್ ತುಳಿ, ಗೇರ್ ಹಾಕು. ಎರಡನೇದು ಏಎಂಟಿ. ಗೇರ್‌ಬಾಕ್ಸ್ ಅದ, ಆದ್ರ ನಿಮ್ಮ ಬದ್ಲಿ ಮಿಷನ್ನ ಕ್ಲಚ್ ತುಳೀತೈತಿ. ಮೂರನೇದು ಸಿವಿಟಿ. ಒಳಗ ಬೆಲ್ಟ್ ಇರತೈತಿ, ಗೇರ್ ಬದಲಾಗೂದ ಗೊತ್ತಾಗಂಗಿಲ್ಲ, ನೀರಿನಂಗ ಹೋಗತೈತಿ. ರೇಟು ಮಾತ್ರ ಕೊಂಚೆಂ ಎಕ್ಕುವ, ಜಾಸ್ತಿ.”

ಮೂರನ್ನೂ ಓಡಿಸಿ ನೋಡಿದರು. ಮಾನ್ಯುವಲ್ ಬಗ್ಗೆ ಹೇಳುವುದೇನಿದೆ, ಹಳೆಯ ಸಂಸಾರವೇ. ಏಎಂಟಿ ಗೇರು ಬದಲಿಸಿದಾಗಲೆಲ್ಲ ತಲೆಯಾಡಿಸಿ ಹೌದು ಹೌದು ಅನ್ನುತ್ತಿತ್ತು. ಹಿಂದೆ ಕೂತ ಗಂಗೋತ್ರಿ ಬಾಯಿಗೆ ಸೆರಗು ಹಿಡಿದು, “ಹೊಸದಾಗಿ ಕಲ್ಯಾಕ ಬಂದೋರು ಹೊಡದಂಗ ಹೊಡೀತೈತಲ್ರಿ ಇದು. ಡಯಾಲಿಸಿಸ್ ಆದ ಮ್ಯಾಲೆ ಇದರಾಗ ಕೂತ್ರ ಹೊಟ್ಟ್ಯಾಗಿನ ಕರುಳು ಕೈಗೆ ಬರತೈತಿ” ಅಂದಳು. ಮೂರನೆಯದರಲ್ಲಿ ಕಣ್ಣು ಮುಚ್ಚಿ ಸೀಟಿಗೆ ಒರಗಿದವಳು ಶೋರೂಮು ಬಂದಾಗ, “ಆಗಲೇ ಬಂತೇನು?” ಅಂದಳು. ವಾಗೀಶನ ಮನಸ್ಸು ಅಲ್ಲೇ ಗಟ್ಟಿಯಾಯಿತು.

ಆದರೆ ಇಳಿಯುವ ಮುಂಚೆ ಒಂದು ಘಟನೆ ನಡೆಯಿತು. ಗೇಟಿನ ಹತ್ತಿರ ಅವನ ಎಡಗಾಲು ಹಳೆಯ ಚಾಳಿಯಲ್ಲಿ ಕ್ಲಚ್ ಹುಡುಕಿ, ಸಿಕ್ಕಿದ್ದನ್ನು ತುಳಿಯಿತು. ಸಿಕ್ಕಿದ್ದು ಬ್ರೇಕು. ಕಾರು ಗೋಡೆಗೆ ಹೊಡೆದಂತೆ ನಿಂತಿತು, ವಾಗೀಶನ ಹಣೆ ಸ್ಟಿಯರಿಂಗಿಗೆ ಬಡಿಯಿತು.

ಲಕ್ಷ್ಮಿಕಾಂತ್ ನಕ್ಕ. “ಏಮಿ ಕಾದು ಸಾರ್, ಏನೂ ಆಗಲ್ಲ. ಮೂವತ್ತು ವರ್ಷ ಲಾರಿ ಹೊಡದೋರೂ ಮೊದಲ ದಿನ ಹಿಂಗ ಹಣಿ ಬಡ್ಕೋತಾರ. ಏನೂ ಗೊತ್ತಿಲ್ಲದೋರ ಇದನ್ನ ಲಗೂನ ಕಲೀತಾರ.”

ವಾಗೀಶನ ಕಿವಿಗೆ ಮೊದಲ ಅರ್ಧ ಮಾತ್ರ ಬಿತ್ತು. ಹಣೆಯ ಮೇಲೆ ಬುಗುಟೆ ಏಳುತ್ತಿದ್ದಂತೆ ತಲೆಯೊಳಗೆ ಒಂದು ಉಪಾಯವೂ ಎದ್ದಿತು. ತನ್ನನ್ನು ಬಿಟ್ಟರೆ ಓಣಿಯಲ್ಲಿ ಕಾರು ಹೊಡೆಯಬಲ್ಲವರು ಇಬ್ಬರೇ. ಒಬ್ಬ ನರಸಣ್ಣ, ಮೂವತ್ತೆರಡು ವರ್ಷ ಆರ್‌ಟಿಸಿ ಬಸ್ಸು ಓಡಿಸಿ ನಿವೃತ್ತನಾದವನು. ಇನ್ನೊಬ್ಬ ರಾಮಾಂಜಿ, ಬೈಕ್ ಮೆಕ್ಯಾನಿಕ್. ಇಬ್ಬರದೂ ಕ್ಲಚ್ಚಿಗೆ ಒಗ್ಗಿದ ಕಾಲು. ಅವರನ್ನು ಹೆದರಿಸಿದರೆ ಮುಗಿಯಿತು, ಉಳಿದವರಿಗೆ ಗೊತ್ತೇ ಇಲ್ಲ. ‘ಬೇಡ’ ಅನ್ನುವ ಕೆಲಸ ತನ್ನ ಬಾಯಿಗೆ ಆಗದಿದ್ದರೆ ಗಾಡಿಯೇ ಮಾಡಲಿ.

ಮರುದಿನ ಓಣಿಯ ಮೂಲೆಯಲ್ಲಿ, ಪಕೀರಮ್ಮನ ಮಂಡಕ್ಕಿ ಒಗ್ಗಾಣಿ, ಮಿರ್ಚಿ ಬಂಡಿಯ ಮುಂದೆ, ಅವನು ತನ್ನ ಜೀವಮಾನದ ಮೊದಲ ದೊಡ್ಡ ಸುಳ್ಳು ಹೇಳಿದ.

“ಹೊಸಾ ಗಾಡಿಗೆ ಕ್ಲಚ್ ಇಲ್ಲ ನರಸಣ್ಣಾ. ಈಗ ಫೋನಿಗೆ ಬೆರಳು ಹಚ್ಚತೀವಲ್ಲ, ಹಂಗ ಇದಕ್ಕ ಮಾಲೀಕನ ಕಾಲು. ನನ್ನ ಕಾಲಿನ ಅಳತಿ, ತೂಕ ಎಲ್ಲಾ ಕಂಪ್ಯೂಟರಿನಾಗ ಸೇರಿಸ್ಯಾರ. ಬ್ಯಾರೇದೋರು ತುಳದ್ರ ಗೇರ್‌ಬಾಕ್ಸ್ ಸುಟ್ಟು ಹೋಗತೈತಿ. ಎರಡು ಲಕ್ಷ.”

ಬಾಣಲೆಯಲ್ಲಿ ಮಿರ್ಚಿ ಚುರ್ ಅಂದಿತು.

“ದೇವುಡಾ!” ಅಂದಳು ಪಕೀರಮ್ಮ. “ಚಪ್ಪಲಿ ಹಾಕ್ಕೊಂಡು ತುಳದ್ರ ಹೆಂಗ ಗೊತ್ತಾಗತೈತಿ ಅಣ್ಣಾ ಅದಕ್ಕ?”

“ತೂಕದ ಮ್ಯಾಲೆ” ಅಂದ ವಾಗೀಶ. ಸುಳ್ಳು ಒಮ್ಮೆ ಹೊರಟ ಮೇಲೆ ಅದಕ್ಕೂ ಗೇರು ಬೇಕಾಗುವುದಿಲ್ಲ.

ನರಸಣ್ಣ ತನ್ನ ಕಾಲನ್ನೇ ಕನಿಕರದಿಂದ ನೋಡಿಕೊಂಡ. “ಗೇರ್ ಇಲ್ಲದ್ದು ಗಾಡಿ ಅಲ್ಲ ವಾಗೀಶಾ. ಹೋಗ್ಲಿ, ನಿನ್ನ ನಸೀಬ” ಅಂದ. ರಾಮಾಂಜಿ ಮೆಕ್ಯಾನಿಕ್ಕಾದ್ದರಿಂದ ಸ್ವಲ್ಪ ಅನುಮಾನಪಟ್ಟ, ಆದರೆ ಎರಡು ಲಕ್ಷ ಅನ್ನುವ ಮಾತು ಅನುಮಾನಕ್ಕಿಂತ ಭಾರವಾಗಿತ್ತು. ಹದಿನೈದು ದಿನದಲ್ಲಿ ಓಣಿಯ ಮಕ್ಕಳೂ ಆ ಕಾರಿನ ಸುದ್ದಿ ಬಂದರೆ ಕಾಲು ಹಿಂದಕ್ಕೆಳೆದುಕೊಳ್ಳತೊಡಗಿದವು.

ಗುರುವಾರ ಸಂಜೆ ಕಾರು ಬಂತು. ಶುಕ್ರವಾರ ಬೆಳಗ್ಗೆ ಪೂಜೆ ಮುಗಿಸಿ ಹಾಗೆಯೇ ಬಳ್ಳಾರಿಗೆ ಹೊರಡುವುದು ಅಂತ ನಿಶ್ಚಯ. ಆರೂವರೆಗೆ ಗಂಗೋತ್ರಿ ಕೈಚೀಲ ಹಿಡಿದು ಕಟ್ಟೆಯ ಮೇಲೆ ಕೂತಿದ್ದಳು. ಮೂರು ದಿನದ ನೀರು ತುಂಬಿ ಮುಖ ಊದಿತ್ತು. ವಾಗೀಶ ಕಾರನ್ನು ಪೂರ್ವಕ್ಕೆ ಮುಖ ಮಾಡಿ ನಿಲ್ಲಿಸಿ ಎಂಜಿನ್ ಆರಿಸಲು ಹೋದ.

“ಆರಸಬ್ಯಾಡ್ರಿ ಅಣ್ಣಾ!” ಆರತಿ ತಟ್ಟೆ ಹಿಡಿದಿದ್ದ ಪಕೀರಮ್ಮ ಕೂಗಿದಳು. “ಉಸಿರು ನಿಂತಿದ್ದಕ್ಕ ಯಾರಾದ್ರೂ ಆರತಿ ಮಾಡ್ತಾರೇನ್ರಿ?”

ಗಡಿಬಿಡಿಯಲ್ಲಿ ಅವನು ಹ್ಯಾಂಡ್‌ಬ್ರೇಕ್ ಎಳೆದು ಇಳಿದ. ಹಳೆಯ ಕಾರಿನಲ್ಲಾದರೆ ನ್ಯೂಟ್ರಲ್ ಮಾಡಿ ಇಳಿಯುವುದು ರೂಢಿ. ಇಲ್ಲಿ ಗೇರಿನ ಕೋಲು ಮುಂದೆ ಹೋಗುವ ‘ಡಿ’ಯಲ್ಲೇ ಉಳಿಯಿತು. ಕ್ಲಚ್ಚಿಲ್ಲದ ಗಾಡಿಗೆ ಒಂದು ಗುಣ ಉಂಟು. ‘ಡಿ’ಯಲ್ಲಿದ್ದು ಬ್ರೇಕು ಬಿಟ್ಟರೆ ಸಾಕು, ಯಾರೂ ಹೇಳದಿದ್ದರೂ ತಾನಾಗಿ ತೆವಳುತ್ತ ಮುಂದೆ ಹೋಗುತ್ತದೆ. ಲಕ್ಷ್ಮಿಕಾಂತ್ ಇದನ್ನು ಮೂರು ಸಲ ಹೇಳಿದ್ದ.

ಚಕ್ರಕ್ಕೊಂದು ನಿಂಬೆಹಣ್ಣು ಇಡಬೇಕು, ಅದನ್ನು ಮಾಲೀಕನೇ ಇಡಬೇಕು. ವಾಗೀಶ ಮೂರು ಇಟ್ಟು, ನಾಲ್ಕನೆಯದನ್ನು ಮುಂದಿನ ಎಡಚಕ್ರಕ್ಕೆ ಇಡಲು ಕಾರಿನ ಮುಂದೆ ಬಗ್ಗಿದ. ಅದೇ ಹೊತ್ತಿಗೆ ನರಸಣ್ಣ ಕಿಟಕಿಯಿಂದ ಒಳಗೆ ಇಣುಕಿದ. ಪೆಡಲಿಗೆ ಕಾಲು ಹಚ್ಚಬಾರದು ಅಂತ ಅವನಿಗೆ ಗೊತ್ತಿತ್ತು. ಕೈಯ ಬಗ್ಗೆ ಯಾರೂ ಏನೂ ಹೇಳಿರಲಿಲ್ಲ.

“ಸಪಾಟ ಜಾಗದಾಗ ಯಾಕ ಹ್ಯಾಂಡ್‌ಬ್ರೇಕ್ ಎಳದಾನ ಇವ? ಹೊಸಾ ಕೇಬಲ್ ಸಡ್ಲಾಗತೈತಿ” ಅಂತ ಕಾಳಜಿಯಿಂದ ಅದನ್ನು ಇಳಿಸಿಬಿಟ್ಟ.

ಕಾರು ಸದ್ದಿಲ್ಲದೆ ಮುಂದೆ ಬಂತು. ನಿಂಬೆಹಣ್ಣು ಪಚಕ್ ಅಂದಿತು. ಅದರ ಪಕ್ಕದಲ್ಲಿದ್ದ ವಾಗೀಶನ ಎಡಪಾದ ಬೇರೆ ಥರದ ಸದ್ದು ಮಾಡಿತು. ಕಾರು ಅವನ ಪಾದ ದಾಟಿ, ಚರಂಡಿಯ ಕಲ್ಲಿಗೆ ಮೂತಿ ಒತ್ತಿ ನಿಂತಿತು. ಪಕೀರಮ್ಮನ ಕೈಯ ಆರತಿ ಮಾತ್ರ ಆರಲಿಲ್ಲ.

ಓಣಿಯೆಲ್ಲ ಸೇರಿತು. ಪಾದ ನೋಡುತ್ತ ನೋಡುತ್ತ ಬದನೆಕಾಯಿಯ ಬಣ್ಣಕ್ಕೆ ಬಂತು. ನರಸಣ್ಣ ತಲೆ ತಲೆ ಚಚ್ಚಿಕೊಂಡು ಅತ್ತ. “ನನ್ನ ಕೈ ಸೇದಿಹೋಗ್ಲಿ” ಅಂದ. ನೂರಾಎಂಟಕ್ಕೆ ಫೋನು ಹಚ್ಚಿದರೆ ಆಂಬುಲೆನ್ಸು ಆಸ್ಪರಿಯ ಕಡೆ ಹೋಗಿದೆ, ಒಂದೂವರೆ ತಾಸು ಅಂದರು. ಮುಹೂರ್ತದ ದಿನವಾದ್ದರಿಂದ ಬಾಡಿಗೆ ಕಾರುಗಳೆಲ್ಲ ಮದುವೆಗೆ ಹೋಗಿದ್ದವು. ಇಷ್ಟರಲ್ಲಿ ಎಂಟಾಗಿ ಬಳ್ಳಾರಿಯ ಬಸ್ಸೂ ಬಿಟ್ಟಿತ್ತು. ಗಂಗೋತ್ರಿ ಕಟ್ಟೆಯಿಂದಿಳಿದು ಬಂದು ಗಂಡನ ತಲೆ ಹಿಡಿದುಕೊಂಡಳು. ಅಷ್ಟಕ್ಕೇ ಅವಳಿಗೆ ಏದುಸಿರು ಹತ್ತಿತ್ತು. ಆ ಉಸಿರಿನ ಸದ್ದು ವಾಗೀಶನಿಗೆ ಗೊತ್ತಿತ್ತು. ಶ್ರಾವಣದಲ್ಲೂ ಹೀಗೇ ಶುರುವಾಗಿತ್ತು.

ರಾಮಾಂಜಿ ಕೈ ಹಿಸುಕಿಕೊಳ್ಳುತ್ತ ನಿಂತಿದ್ದ. “ಅಣ್ಣಾ, ಹಳೇ ಗಾಡಿ ಇದ್ದಿದ್ರ ಈಗಿಂದೀಗ ನಾ ಹೊಡ್ಕೊಂಡು ಹೋಗ್ತಿದ್ನಿ. ಈ ಹಾಳಾದ್ದಕ್ಕ ನಿನ್ನ ಕಾಲ ಬೇಕು.”

ಈಗ ನಿಜ ಹೇಳಿದರೆ ಎಲ್ಲ ಸಲೀಸು. ವಾಗೀಶ ಬಾಯಿ ತೆರೆದ. ರಾಮಾಂಜಿಯ ತಲೆಯ ಹಿಂದೆ ಬಾಗಿಲ ಚೌಕಟ್ಟಿನ ಮೊಳೆ ಕಂಡಿತು. ಹದಿನೈದು ದಿನದಿಂದ ಅದು ಖಾಲಿ ಇತ್ತು. ಇಂದು ನಿಜ ಹೇಳಿದರೆ ನಾಳೆಯಿಂದ ಮತ್ತೆ ಅಲ್ಲಿ ಕೀಲಿಕೈ, ಮುಂದಿನ ಶ್ರಾವಣಕ್ಕೆ ಮತ್ತೆ ಉರುಕುಂದ, ಮತ್ತೆ ನೀಲಿ ತುಟಿ. ಅವನು ಬಾಯಿ ಮುಚ್ಚಿಕೊಂಡ.

“ನನ್ನ ಎತ್ತಿ ಸೀಟಿಗೆ ಕೂಡಸ್ರಿ” ಅಂದ. “ಹೋಗಿರೋದು ಎಡಗಾಲು. ಇದಕ್ಕ ಬಲಗಾಲ ಸಾಕು.”

ಹೀಗೆ, ಮುರಿದ ಪಾದಕ್ಕೆ ಟವೆಲ್ ಸುತ್ತಿಕೊಂಡು, ಗಂಡಸು ಎಪ್ಪತ್ತು ಕಿಲೋಮೀಟರ್ ಹೊರಟ. ಒಬ್ಬನನ್ನೇ ಕಳಿಸುವ ಓಣಿಯಲ್ಲ ಅದು. ಹಿಂದೆ ಗಂಗೋತ್ರಿಯ ಪಕ್ಕ ನರಸಣ್ಣ, ರಾಮಾಂಜಿ ಕೂತರು. ಮುಂದೆ ಪಕೀರಮ್ಮ ಕೂತು, ಜಖಂ ಆದ ಕಾಲು ನೆಲಕ್ಕೆ ತಾಗದ ಹಾಗೆ ಕೆಳಗೆ ದಿಂಬು ಹಿಡಿದಳು. ಹಾಗೆ ಹಿಡಿಯಬೇಕಾದರೆ ತಲೆ ತಗ್ಗಿಸಲೇಬೇಕು. ತಲೆ ತಗ್ಗಿಸಿದರೆ ಕಾಣುವುದು ಪೆಡಲುಗಳೇ. ಇಪ್ಪತ್ತು ವರ್ಷ ಬಾಣಲೆಯ ಮುಂದೆ ಕೂತ ಹೆಂಗಸು ಅವಳು, ಕಣ್ಣಿಗೆ ಬಿದ್ದದ್ದನ್ನು ಬಿಡುವವಳಲ್ಲ.

“ಅಣ್ಣಾ, ಈ ಅಗಲಾಂದು ನಿಲ್ಸಾಕ, ಆ ಉದ್ದಂದು ಓಡ್ಸಾಕ. ಹೌದಲ್ರಿ?”

“ಹೂಂ.”

“ಮತ್ತೇನೂ ಇಲ್ಲೇನು?”

“ಒಳಗೈತಿ” ಅಂದ ವಾಗೀಶ ಹಲ್ಲು ಕಚ್ಚಿ. ಪ್ರತಿ ಗುಂಡಿಗೂ ಅವನ ಕಣ್ಣಲ್ಲಿ ನೀರು ಬರುತ್ತಿತ್ತು. “ಕಂಪ್ಯೂಟರಿನಾಗ.”

ಪಕೀರಮ್ಮ ಬಳ್ಳಾರಿಯ ತನಕ ದಿಂಬೂ ಬಿಡಲಿಲ್ಲ, ಅವನ ಬಲಗಾಲಿನಿಂದ ಕಣ್ಣೂ ತೆಗೆಯಲಿಲ್ಲ.

ಆಸ್ಪತ್ರೆ ಮುಟ್ಟಿದರು. ಗಂಗೋತ್ರಿಯನ್ನು ಯಂತ್ರಕ್ಕೆ ಹಚ್ಚಿದರು. ವಾಗೀಶನ ಪಾದದಲ್ಲಿ ಮೂರು ಎಲುಬು ಮುರಿದಿವೆ ಅಂದರು, ಮೊಣಕಾಲ ತನಕ ಪ್ಲಾಸ್ಟರ್ ಹಾಕಿದರು. ನೋವಿಗೆ ಕೊಟ್ಟ ಇಂಜೆಕ್ಷನ್ನಿಗೆ ಅವನ ಕಣ್ಣು ಎಳೆಯಿತು. ಹೆಂಡತಿ ಸಮಯಕ್ಕೆ ಸರಿಯಾಗಿ ಮುಟ್ಟಿದಳು, ಸುಳ್ಳು ಉಳಿಯಿತು, ಕಾಲು ಹೋದರೆ ಹೋಗಲಿ ಅಂದುಕೊಂಡು ಅವನು ಸುಖವಾಗಿ ನಿದ್ದೆ ಹೋದ. ಕೀಲಿಕೈ ಯಾರ ಕೈಯಲ್ಲಿದೆ ಅಂತ ಕೇಳಲು ಮರೆತಿದ್ದ.

ಎಚ್ಚರವಾದಾಗ ಅವನು ಕಾರಿನ ಹಿಂದಿನ ಸೀಟಿನಲ್ಲಿದ್ದ. ಸಂಜೆಯ ಬಿಸಿಲು ಹತ್ತಿ ಹೊಲಗಳ ಮೇಲೆ ಓರೆಯಾಗಿ ಬಿದ್ದಿತ್ತು. ಪಕ್ಕದಲ್ಲಿ ಗಂಗೋತ್ರಿ, ಮುಖ ಇಳಿದು ಹಗುರಾಗಿ, ಕಣ್ಣು ಮುಚ್ಚಿ ಒರಗಿದ್ದಳು. ಕಾರು ನೀರಿನಂಗ ಹೋಗುತ್ತಿತ್ತು. ಎಷ್ಟು ಚೆನ್ನಾಗಿದೆ ಅಂದುಕೊಂಡ. ಆಮೇಲೆ ಮುಂದೆ ನೋಡಿದ. ಸ್ಟಿಯರಿಂಗಿನ ಮೇಲೆ ಎರಡು ಡಜನ್ ಹಸಿರು ಬಳೆಗಳಿದ್ದವು.

“ಪಕೀರಮ್ಮಾ!”

“ಎದ್ರೇನು ಅಣ್ಣಾ? ಮಲಕ್ಕೊಳ್ರಿ. ನನ್ನ ಕಾಲು ಹಿಡಿಸೈತಿ ಗಾಡಿಗೆ. ಏನೂ ಅನ್ಲಿಲ್ಲ.”

ರಾಮಾಂಜಿ ಹಿಂದಿನ ಸೀಟಿನ ಮೂಲೆಯಿಂದ ವಿವರಿಸಿದ. “ನಿನಗ ಇಂಜೆಕ್ಷನ್ ಕೊಟ್ಟಾರ, ಮನಿಗೆ ಹೋಗೂದು ಹೆಂಗ? ನಾಕು ತಾಸು ಆಸ್ಪತ್ರಿ ಬಯಲಿನಾಗ ಕುಂತು ವಿಚಾರ ಮಾಡಿದ್ವಿ. ಆಮ್ಯಾಲೆ ಈಕಿನ ಅಂದ್ಲು, ಒಂದು ಕಾಯಿ ಒಡದು ಕಾಲು ಹಚ್ಚಿ ನೋಡೂಣು, ಈರಣ್ಣ ಅದಾನ ಅಂತ. ಹಚ್ಚಿದ್ಲು. ಹೋತು! ಆಮ್ಯಾಲೆ ನನ್ನ ಕಾಲೂ ಹಿಡಿಸ್ತು.”

“ನಂದೂ ಹಿಡಿಸ್ತು” ಅಂದ ಮುಂದೆ ಕೂತ ನರಸಣ್ಣ. ಅವನ ಹಣೆಯ ಮೇಲೆ ಬುಗುಟೆ ಇತ್ತು. “ಎಡಗಾಲು ಎರಡು ಸಲ ಬ್ರೇಕಿಗೆ ಹೋತು. ಮೂರನೇ ಸಲ ಅದನ್ನ ಟವೆಲ್ಲಿಲೆ ಸೀಟಿಗೆ ಕಟ್ಟಿ ಹೊಡದ್ನಿ. ಆದ್ರ ಖರೇ ಹೇಳ್ತೀನಿ, ನಮ್ಮೆಲ್ಲರಿಗಿಂತ ಛಲೋ ಪಕೀರಮ್ಮ ಹೊಡೀತಾಳ. ಆಕಿಗೆ ಮರೀಬೇಕಾದ್ದು ಏನೂ ಇಲ್ಲಲ್ಲ. ಲೈಸೆನ್ಸ್ ಇದ್ದೋನು ನಾ ಬಾಜೂಕ ಅದೀನಿ, ನೀ ಅಂಜಬ್ಯಾಡ.”

ಈಗ ಬಯ್ಯುತ್ತಾರೆ, ಸುಳ್ಳ ಅನ್ನುತ್ತಾರೆ ಅಂತ ವಾಗೀಶ ಕಾದ. ನರಸಣ್ಣ ಹಿಂದಕ್ಕೆ ತಿರುಗಿ ಅವನ ಪ್ಲಾಸ್ಟರಿನ ಮೇಲೆ ಮೆಲ್ಲಗೆ ಕೈಯಿಟ್ಟ.

“ಶೋರೂಮಿನೋರು ನಿನಗ ಸುಳ್ಳು ಹೇಳಿ ಅಂಜಿಸ್ಯಾರ ವಾಗೀಶಾ. ಪಾಪ, ನೀ ನಂಬಿಬಿಟ್ಟಿ. ಮುರದ ಕಾಲಿಲೆ ಇಷ್ಟು ದೂರ ಹೊಡ್ಕೊಂಡು ಬಂದಿ. ಇನ್ನ ಮುಂದ ಆ ಚಿಂತಿ ಬ್ಯಾಡ, ನಾವು ಅದೀವಿ.”

ವಾಗೀಶ ಹೆಂಡತಿಯ ಕಡೆ ನೋಡಿದ. ಗಂಗೋತ್ರಿ ಕಣ್ಣು ತೆರೆಯಲಿಲ್ಲ. “ಹೂಂ ಅನ್ರಿ” ಅಂದಳು ಅಷ್ಟೆ.

ಶನಿವಾರ ಭಾನುವಾರ ಪಕೀರಮ್ಮ ಓಣಿಗೆ ಪಾಠ ಮಾಡಿದಳು. ಅಗಲಾಂದು ನಿಲ್ಸಾಕ, ಉದ್ದಂದು ಓಡ್ಸಾಕ, ಅಂತೇ, ಅಷ್ಟ. ಹಳೆಯ ಕಾರಿದ್ದಾಗ ಓಣಿಯಲ್ಲಿ ಡ್ರೈವರುಗಳು ಇಬ್ಬರು. ಭಾನುವಾರ ಸಂಜೆಗೆ ಹನ್ನೊಂದು. ಅದರಲ್ಲಿ ನಾಲ್ವರು ಅಲ್ಲಿಯ ತನಕ ಸೈಕಲ್ಲನ್ನೂ ಹತ್ತಿದವರಲ್ಲ. ಕೀಲಿಕೈ ತಾನಾಗಿ ಮೊಳೆಗೆ ಬಂದು ಸೇರಿತು. ಯಾರು ಹಾಕಿದರು ಅಂತ ವಾಗೀಶನಿಗೆ ತಿಳಿಯಲಿಲ್ಲ, ಹಾಸಿಗೆಯಿಂದ ಎದ್ದು ತೆಗೆಯಲು ಕಾಲೂ ಇರಲಿಲ್ಲ.

ಸೋಮವಾರ ಸಂಜೆ ಪಕೀರಮ್ಮ ಬಿಸಿ ಒಗ್ಗಾಣಿ ಮಿರ್ಚಿಯ ತಟ್ಟೆ ಹಿಡಿದು ಬಂದಳು. ಶುಕ್ರವಾರದಿಂದ ಆ ಮನೆಯ ಎರಡು ಹೊತ್ತಿನ ಊಟ ಅವಳದೇ.

“ಅಣ್ಣಾ, ಮಾಧವರಂನಾಗ ನಮ್ಮ ತಂಗಿ ಮಗಳ ಮದುವಿ. ಹಂಡೆ, ಪಾತ್ರಿ ಒಯ್ದು ಕೊಡಬೇಕು. ಮುಂಜಾನೆ ನಾಕಕ್ಕ ಹೋಗಿ ಏಳಕ್ಕೆಲ್ಲ ಬಂದುಬಿಡ್ತೀನಿ. ಬಂದು ನಾನ ಅಕ್ಕನ್ನ ಬಳ್ಳಾರಿಗೆ ಕರ್ಕೊಂಡು ಹೋಗ್ತೀನಿ. ಒಯ್ಲೇನ್ರಿ?”

ಏಳಕ್ಕೆಲ್ಲ ಬರುತ್ತೇವೆ ಅನ್ನುವ ಮಾತನ್ನು ವಾಗೀಶ ಒಮ್ಮೆ ಕೇಳಿದ್ದ. ಬೇಡ ಅನ್ನಲು ಬಾಯಿ ತೆರೆದ. ಬಾಯಲ್ಲಿ ಆಗಲೇ ಅವಳ ಮಿರ್ಚಿ ಇತ್ತು.

ಮಂಗಳವಾರ ಏಳಾಯಿತು. ಏಳೂಕಾಲಾಯಿತು. ಫೋನು ಹಚ್ಚಿದರೆ, “ಬಂದ್ವಿ ಅಣ್ಣಾ, ಇಲ್ಲೇ ಅದೀವಿ” ಅನ್ನುವ ದನಿಯ ಹಿಂದೆ ಮಂಗಳವಾದ್ಯ ಕೇಳುತ್ತಿತ್ತು. ಗಂಗೋತ್ರಿ ಕೈಚೀಲ ಹೆಗಲಿಗೆ ಹಾಕಿಕೊಂಡು ಎದ್ದಳು. ಈ ಸಲ ಕಾಯುವುದಿಲ್ಲ ಅಂದಳು. ಊರುಗೋಲು ಊರಿಕೊಂಡು ವಾಗೀಶ ಹಿಂದೆ ಹೊರಟ. ಆಟೋ ಹಿಡಿದು ಬಸ್‌ಸ್ಟ್ಯಾಂಡು ಮುಟ್ಟಿ, ಹೊರಟು ನಿಂತಿದ್ದ ಬಳ್ಳಾರಿ ಬಸ್ಸು ಹತ್ತಿದರು. ಹಿಂದಿನ ಚಕ್ರದ ಮೇಲಿನ ಸೀಟು ಸಿಕ್ಕಿತು.

ಬಸ್ಸು ಊರು ದಾಟುವಷ್ಟರಲ್ಲಿ ಪಕೀರಮ್ಮನ ಫೋನು ಬಂತು.

“ಎಲ್ಲದೀರಿ ಅಣ್ಣಾ? ಗಾಡಿ ಬಾಗಲದಾಗ ತಂದು ನಿಲ್ಸೀನಿ, ನೀವ ಇಲ್ಲ. ಬಸ್ಸಿಗೆ ಹೋದ್ರೇನು? ಅಯ್ಯ, ಹತ್ತು ನಿಮಿಷ ತಡೀಬಾರದೇನ್ರಿ! ಹೋಗ್ಲಿ, ಹೆಂಗೂ ಗಾಡಿ ಖಾಲಿ ಐತಿ, ನರಸಣ್ಣ ಆಸ್ಪರಿಗೆ ಹೋಗಿ ಬರ್ಲೇನು ಅಂತ ಕೇಳ್ತಾನ.”

ವಾಗೀಶ ಊದತೊಡಗಿದ್ದ ಹೆಂಡತಿಯ ಮುಖ ನೋಡಿದ. ತನ್ನ ಪ್ಲಾಸ್ಟರು ನೋಡಿದ. ‘ಬೇಡ’ ಅನ್ನುವ ಒಂದೇ ಒಂದು ಮಾತು ಹೊರಡಿಸಲು ಜೀವಮಾನದಲ್ಲಿ ಮೊದಲ ಸಲ ಗಟ್ಟಿಯಾಗಿ ಉಸಿರೆಳೆದುಕೊಂಡ.

“ಹೋಗಿ ಬರ್ಲಿ” ಅಂದ.

ಡ್ರೈವರು ಕ್ಲಚ್ ತುಳಿದು ಮೂರನೇ ಗೇರಿಗೆ ಹಾಕಿದ. ಬಸ್ಸು ಜಗ್ಗಿತು, ಗಂಗೋತ್ರಿಯ ಹಣೆ ಮುಂದಿನ ಸೀಟಿನ ಕಬ್ಬಿಣದ ಸರಳಿಗೆ ಬಡಿಯಿತು. ವಾಗೀಶ ಕೈ ಚಾಚಿ ಆ ಸರಳಿಗೂ ಅವಳ ಹಣೆಗೂ ನಡುವೆ ತನ್ನ ಅಂಗೈ ಇಟ್ಟ. ಬಳ್ಳಾರಿ ಇನ್ನೂ ಅರವತ್ತೈದು ಕಿಲೋಮೀಟರಿತ್ತು. ಡ್ರೈವರು ಗೇರು ಬದಲಿಸಿದಾಗಲೆಲ್ಲ ಅಂಗೈ ಜಜ್ಜುತ್ತಿತ್ತು, ಅವನು ಎಣಿಸುತ್ತ ಕೂತ.